ಬೆನ್ನು ಹಾಕಿ ಕೂಗಿದ ಪಾಲು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ಮುಂದಿನದಕ್ಕೆ ಕೈ ಏಳುವುದಿಲ್ಲ. ಮಗ ಸೊಸೆ ವರ್ಷಗಟ್ಟಲೆ ಕಾದು, ಕಂಡ ದೇವರಿಗೆಲ್ಲ ಹೇಳಿಕೊಂಡು, ಇನ್ನು ಇಲ್ಲ ಎಂದು ನಾವೆಲ್ಲ ಆ ಮಾತನ್ನೇ ಬಿಟ್ಟಿದ್ದಾಗ ಬಂದ ಕೂಸು. ತಲೆ ತುಂಬ ಕಪ್ಪು ಕೂದಲು. ಮುಷ್ಟಿ ಬಾಯಿಗಿಟ್ಟು ಚೀಪತೊಡಗಿದರೆ ಆಚೆ ಕೋಣೆಗೆ ಕೇಳುತ್ತದೆ. ಎಣ್ಣೆ ಹಚ್ಚಿ ಕಾಲು ನೀವುವಾಗ ನನ್ನ ಮುಖವನ್ನೇ ನೋಡುತ್ತಾಳೆ, ಯಾರಿವಳು, ಎಲ್ಲಿಯವಳು ಎಂದು ವಿಚಾರಿಸುವ ಹಾಗೆ. ಈ ಸುದ್ದಿಯನ್ನು ನಾನು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಹೇಳಿದೆ. ಮೀನಿಗೆ ಚೌಕಾಶಿ ಮಾಡುವವರಿಗೆ ಹೇಳಿದೆ. ಬಾಳೆಗುಳಿ ಕ್ರಾಸಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದ, ಕನ್ನಡವೇ ಬಾರದ ಒಬ್ಬ ಲಾರಿ ಡ್ರೈವರನಿಗೂ ಹೇಳಿದೆ. ಅವನು ತಲೆಯಾಡಿಸಿದ. ನನಗೆ ಅಷ್ಟು ಸಾಕಾಗಿತ್ತು.

ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅದೂ ಅರ್ಧ. ಅರ್ಧಕ್ಕೆ ಯಾಕೆ ನಿಂತಿತು ಎನ್ನುವುದನ್ನು ಬರೆಯಬೇಕೆಂದು ಇಷ್ಟು ವರ್ಷ ಅನ್ನಿಸಿರಲಿಲ್ಲ. ಮೊಮ್ಮಗಳನ್ನು ಮನೆಗೆ ಕರೆತರುವ ದಿನ ಗೊತ್ತುಮಾಡಲು ಹೋದಲ್ಲೇ ಆ ಮಾತು ಎದ್ದಿತು. ಹಾಗಾಗಿ ಸಂತೋಷವನ್ನೂ ಅದನ್ನೂ ಬೇರೆ ಬೇರೆ ಮಾಡಿ ಇಡಲು ನನ್ನಿಂದ ಆಗುತ್ತಿಲ್ಲ.

ಮೊದಲು ನನ್ನ ಬೀಗಿತ್ತಿಯ ವಿಷಯ ಹೇಳುತ್ತೇನೆ. ನನ್ನ ಸೊಸೆಯ ತಾಯಿ ಅವಳು. ಅವಳೂ ನಾನೂ ಒಂದೇ ಊರಿನವರು, ಒಂದೇ ಶಾಲೆಯವರು, ಒಂದೇ ಮಣೆಯ ಮೇಲೆ ಕೂತು ಒಂದೇ ಪಾಟಿಯಲ್ಲಿ ಗೀಚಿದವರು. ಕಾರವಾರಕ್ಕೂ ಅಂಕೋಲೆಗೂ ನಡುವೆ ಗುಡ್ಡ ಸಮುದ್ರಕ್ಕೆ ಇಳಿಯುವಲ್ಲಿ ನಮ್ಮ ಕೇರಿ ಇತ್ತು. ಈಗ ಅದು ನೌಕಾನೆಲೆಯ ಗೋಡೆಯ ಒಳಗೆ ಹೋಗಿದೆ, ಹೋಗಿ ನೋಡಲಿಕ್ಕಿಲ್ಲ. ಅವಳು ಮದುವೆಯಾಗಿ ಕಾರವಾರದ ಪೇಟೆಗೆ ಹೋದಳು, ನಾನು ಅಂಕೋಲೆಯ ಬದಿಗೆ ಬಂದೆ. ಮತ್ತೆ ಒಬ್ಬರಿಗೊಬ್ಬರು ಕಂಡದ್ದೇ ಇಲ್ಲ. ನನ್ನ ಮಗ ಕದ್ರಾದಲ್ಲಿ ಕರೆಂಟು ಮಾಡುವಲ್ಲಿ ಕೆಲಸಕ್ಕೆ ಸೇರಿ ಕಾರವಾರದಿಂದ ಬಸ್ಸು ಹಿಡಿಯುವಾಗ ಅವಳ ಮಗಳನ್ನು ಕಂಡ. ನೀ ಯಾರ ಮಗಳು, ನೀ ಯಾರ ಮಗ ಎಂದು ಅವರು ಕೇಳಿಕೊಂಡದ್ದು ಮನಸ್ಸು ಕೂಡಿದ ಮೇಲೆ. ನಾನು ಸೀರೆ ಉಟ್ಟು, ಹಣ್ಣು ಹೂವು ಹಿಡಿದು ಹೆಣ್ಣು ಕೇಳಲು ಹೋದರೆ ಬಾಗಿಲು ತೆರೆದವಳು ನನ್ನ ಮಣೆಯ ಗೆಳತಿ. ಹೊಸ್ತಿಲಿನ ಈಚೆ ನಾನು, ಆಚೆ ಅವಳು, ಒಳಗೆ ಬಾ ಎನ್ನುವುದನ್ನೂ ಮರೆತು ನಕ್ಕೆವು. ಅಂದಿನಿಂದ ಮಕ್ಕಳ ಎದುರು ‘ನೀವು’ ಎನ್ನುತ್ತಿದ್ದೆವು, ಅವರು ಆಚೆ ಸರಿದ ಕೂಡಲೇ ‘ನೀ’.

ಇನ್ನು ನನ್ನ ಅಪ್ಪನ ವಿಷಯ.

ನಮ್ಮ ಕೇರಿಯಲ್ಲಿ ಆಗ ರಂಪಣಿ ಬಲೆ. ಈಗಿನ ಮಕ್ಕಳು ಅದನ್ನು ನೋಡಿಲ್ಲ. ದೋಣಿಯಲ್ಲಿ ಬಲೆ ಒಯ್ದು ಸಮುದ್ರದಲ್ಲಿ ದೊಡ್ಡದೊಂದು ಅರ್ಧ ಸುತ್ತು ಬಿಟ್ಟು ಬರುತ್ತಿದ್ದರು. ಎರಡು ತುದಿಯ ಹಗ್ಗ ದಡಕ್ಕೆ. ಕೇರಿಗೆ ಕೇರಿಯೇ ಎರಡು ಸಾಲಾಗಿ ನಿಂತು, ಕಾಲು ಮರಳಿಗೆ ಊರಿ ಎಳೆಯಬೇಕು. ಬಲೆ ಹತ್ತಿರ ಬಂದಾಗ ಬಂಗಡೆ ಅನ್ನದ ಗಂಜಿ ಕುದಿದ ಹಾಗೆ ಕುದಿಯುತ್ತಿತ್ತು. ರವಿವಾರ ಶಾಲೆ ಇಲ್ಲವಾದ್ದರಿಂದ ರವಿವಾರದ ಹಗ್ಗದಲ್ಲಿ ಮಕ್ಕಳೂ ಇರುತ್ತಿದ್ದೆವು. ದೊಡ್ಡವರಿಗೆ ಅದು ಹೊಟ್ಟೆಪಾಡು, ನಮಗೆ ಆಟ.

ಎಳೆದಾದ ಮೇಲೆ ಪಾಲು. ಮೀನನ್ನು ಮರಳಿನ ಮೇಲೆ ಮನೆಗೊಂದು ರಾಶಿ ಹಾಕುತ್ತಿದ್ದರು. ಯಾವ ರಾಶಿ ಯಾರಿಗೆ ಎಂದು ದೊಡ್ಡವರು ಹೇಳುವಂತಿರಲಿಲ್ಲ. ಒಂದು ಮಗುವನ್ನು ಸಮುದ್ರಕ್ಕೆ ಮುಖ ಮಾಡಿ, ರಾಶಿಗಳಿಗೆ ಬೆನ್ನು ಹಾಕಿ ನಿಲ್ಲಿಸುವುದು. ಹಿಂದಿನಿಂದ ಒಬ್ಬ ಕೋಲಿನಿಂದ ಒಂದೊಂದೇ ರಾಶಿ ಮುಟ್ಟಿ ‘ಇದು ಯಾರಿಗೆ’ ಎಂದು ಕೇಳುವುದು. ಮಗು ಬಾಯಿಗೆ ಬಂದ ಮನೆಯ ಹೆಸರು ಕೂಗುವುದು. ಕೂಗಿದರೆ ಮುಗಿಯಿತು. ಕಾಣದ ಮಗು ಹೇಳಿದ್ದು ದೇವರು ಹೇಳಿದಂತೆ, ಅದಕ್ಕೆ ಎದುರು ಮಾತಿಲ್ಲ. ರವಿವಾರ ಕೂಗುವುದು ಶಾಲೆಯ ಮಕ್ಕಳ ಪಾಲಿಗೆ ಬರುತ್ತಿತ್ತು, ಹೆಚ್ಚಾಗಿ ನನ್ನ ಗೆಳತಿಯ ಪಾಲಿಗೆ. ಯಾಕೆಂದರೆ ಬಲೆ ಅವಳ ಅಪ್ಪನದು, ಕೋಲು ಹಿಡಿಯುವವನು ಅವಳ ಸೋದರಮಾವ. ಅವಳ ಗಂಟಲೂ ಹಾಗೆಯೇ ಇತ್ತು, ತೆರೆಯ ಶಬ್ದವನ್ನು ಮೀರಿ ಕೇಳುತ್ತಿತ್ತು.

ಒಂದು ರವಿವಾರ ಅಪ್ಪ ಹಗ್ಗ ಬಿಟ್ಟು ಮುಂದೆ ಬಂದು ಎಲ್ಲರೆದುರು ಹೇಳಿದ.

"ಆಯ್ತವಾರ ಬಂದ್ರೆ ಅಡಿಗೆ ಇಸವಣ ಇದ್ದ ರಾಶಿ ಒಂದೇ ಮನೆಗೆ ಹೋಗ್ತದೆ. ಹುಡ್ಗಿಗೆ ಹೇಳ್ಕೊಟ್ಟು ಕೂಗ್ಸ್ತಾ ಇದ್ದಾರೆ."

ಇಸವಣ ಎಂದರೆ ದೊಡ್ಡ ಮೀನು, ಪೇಟೆಯವರು ಮುಗಿಬಿದ್ದು ಕೊಳ್ಳುವಂಥದ್ದು. ಬಂಗಡೆಯ ರಾಶಿಯ ಕೆಳಗೆ ಒಂದು ಇಸವಣ ಅಡಗಿಸಿದರೆ ಮೇಲಿನಿಂದ ಕಾಣುವುದಿಲ್ಲ. ಆದರೆ ಯಾರೂ ರಾಶಿ ಕೆದಕಿ ನೋಡಲಿಲ್ಲ. ಮಗುವಿನ ಬಾಯಿಗೆ ಸುಳ್ಳು ಕಟ್ಟಿದ, ದೇವರ ಪಾಲಿಗೆ ಕಲ್ಲು ಹಾಕಿದ ಎಂದು ಕೇರಿಯೇ ಅವನ ಮೇಲೆ ಬಿತ್ತು. ತೆಂಗಿನಕಾಯಿ ಇಟ್ಟು, ಹಗ್ಗ ಮುಟ್ಟಿ ತಪ್ಪಾಯಿತು ಎನ್ನು ಎಂದರು. ಅಪ್ಪ ಅನ್ನಲಿಲ್ಲ. ಅವನನ್ನು ಹಗ್ಗದಿಂದ ತೆಗೆದರು, ಇನ್ನು ಎಳೆಯುವಂತಿಲ್ಲ, ಪಾಲೂ ಇಲ್ಲ. ಆಚೀಚೆಯ ದಡದವರಿಗೂ ಸುದ್ದಿ ಹೋಗಿತ್ತು, ಅವರೂ ಹಗ್ಗ ಕೊಡಲಿಲ್ಲ. ಮೀನು ಬಿಟ್ಟು ಬೇರೆ ಗೊತ್ತಿಲ್ಲದವನು ಕಾರವಾರದ ಬಂದರಿನಲ್ಲಿ ಚೀಲ ಹೊತ್ತ, ಬೇಸಿಗೆಯಲ್ಲಿ ಉಪ್ಪಿನ ಆಗರಕ್ಕೆ ಹೋಗಿ ಕಾಲು ಸುಟ್ಟುಕೊಂಡ. ತಾಯಿ ಮೀನಿನ ಬುಟ್ಟಿ ತಲೆಗೆ ಏರಿಸಿದಳು. ತಮ್ಮನನ್ನು ಎತ್ತಿಕೊಳ್ಳಲು ಯಾರಾದರೂ ಬೇಕಲ್ಲ, ನನ್ನನ್ನು ಶಾಲೆ ಬಿಡಿಸಿದರು.

ತಾಯಿಗೆ ನಾವು ಆಯಿ ಎನ್ನುತ್ತೇವೆ. ಅಪ್ಪ ಬಂದರಿನಿಂದ ಬಂದು ಊಟಕ್ಕೆ ಕೂತರೆ ಆಯಿ ಬಡಿಸುತ್ತ ಒಂದೇ ಮಾತು ಹೇಳುತ್ತಿದ್ದಳು: "ನಿನ್ನ ನಾಲ್ಗೆ ನಮ್ಮನ್ನ ತಿಂದ್ತು." ಅವನು ತಲೆ ತಗ್ಗಿಸಿ ಉಂಡು ಏಳುತ್ತಿದ್ದ. ಊರವರು ಸುಳ್ಳ ಎಂದರು, ಹೆಂಡತಿಯೂ ಸುಳ್ಳ ಎಂದಳು ಎಂದೇ ನಾನು ತಿಳಿದಿದ್ದೆ. ಅವನು ಹೇಳಿದ್ದು ಸರಿ ಎಂದು ಒಬ್ಬರ ಬಾಯಿಂದಲೂ ಕೇಳದೆ ಅವನು ಸತ್ತ. ತಮ್ಮ ಗೋವೆಗೆ ಹೋಗಿ ಅಲ್ಲೇ ನಿಂತ. ಆಯಿ ನನ್ನ ಸಂಗಡ ಇದ್ದಾಳೆ. ಕಿವಿ ಚುರುಕಾಗಿದೆ, ಕಣ್ಣು ಮಂಜಾಗಿದೆ.

ಗೆಳತಿಯ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ಬೆನ್ನು ಹಾಕಿ ನಿಂತ ಮಗು ಅವಳು. ಅಪ್ಪ ತಪ್ಪು ತಿಳಿದಿರಬಹುದು, ಅಥವಾ ಅವಳಿಗೆ ತಿಳಿಯದೆ ಏನೋ ನಡೆದಿರಬಹುದು ಎಂದುಕೊಂಡು ಅವಳ ಮಗಳನ್ನು ಸೊಸೆಯಾಗಿ ತಂದುಕೊಂಡೆ.

ಕೂಸಿಗೆ ಮೂರು ತಿಂಗಳು ತುಂಬುತ್ತ ಬಂತು. ತಾಯಿಮನೆಯಿಂದ ಗಂಡನ ಮನೆಗೆ ಕರೆತರಬೇಕು, ತಾಯಿಮನೆಯವರೇ ಬಂದು ತಲುಪಿಸಬೇಕು, ಅದು ನಮ್ಮಲ್ಲಿಯ ಪದ್ಧತಿ. ದಿನ ಮಾತಾಡಿಕೊಂಡು ಬರಲು ಒಂದು ರವಿವಾರ ಕಾರವಾರಕ್ಕೆ ಹೋದೆ. ಬೆಳಿಗ್ಗೆ ದೋಣಿ ಬರುವಲ್ಲಿ ನಿಂತು ಮೊರಿ ಮೀನು ಹಿಡಿದುಕೊಂಡಿದ್ದೆ. ಮರಿ ಶಾರ್ಕು ಅದು, ಬಾಣಂತಿಗೆ ಹಾಲು ಹೆಚ್ಚುತ್ತದೆ. ಬಸ್ಸಿನಲ್ಲಿ ವಾಸನೆ ಎಂದು ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ಮೊಮ್ಮಗಳು ಹುಟ್ಟಿದ್ದಾಳೆ ಎಂದು ಅವರಿಗೂ ಹೇಳಿದೆ.

ಸೊಸೆ ಮೀನು ಒಳಗೆ ಒಯ್ದಳು. ಕೂಸನ್ನು ನನ್ನ ತೊಡೆಗೆ ಹಾಕಿದರು. ನಾನು ಜಗುಲಿಯಲ್ಲಿ ಗೋಡೆಗೆ ಒರಗಿ ಕೂತು, ಅವಳ ಒಂದೊಂದೇ ಬೆರಳು ಬಿಡಿಸಿ ನೋಡುತ್ತಿದ್ದೆ. ಆಗ ಅದೇ ಓಣಿಯಲ್ಲಿರುವ ನಮ್ಮ ಇನ್ನೊಬ್ಬ ಸಹಪಾಠಿ ಬಂದ. ಬಸ್ ಓಡಿಸಿ ನಿವೃತ್ತಿಯಾದವನು. ಶಾಲೆಯಲ್ಲಿ ನಮ್ಮ ಹಿಂದಿನ ಮಣೆ.

"ಇಬ್ರೂ ಒಂದೇ ಕೂಸಿಗೆ ಅಜ್ಜಿಯಕ್ಳಾದ್ರಿ," ಎಂದ. "ಶಾಲೇಲಿ ಒಂದೇ ಪಾಟೀಗೆ ಜಗಳ ಆಡ್ತಿದ್ರಿ. ಈಗ ಇದ್ರನ್ನ ಹರ್ದು ಹಾಕ್ಬೇಡಿ."

"ನೀ ಕೂತ್ಕ ಮೊದ್ಲು. ಬಂದ ಕೂಡ್ಲೇ ಬಾಯಿ," ಎಂದಳು ಗೆಳತಿ.

ಚಹಾ ಬಂತು. ಮಾತು ರವಿವಾರಗಳ ಕಡೆ ಹೊರಳಿತು. ಮೂವರು ಸೇರಿದರೆ ಅದೇ. ಇಳಿತದ ಹೊತ್ತಿಗೆ ಚಿಪ್ಪಿ ಬಗೆಯುವುದು, ಬಂಡೆಯ ಸಂದಿಗೆ ಕೈ ಹಾಕಿ ಏಡಿ ಎಳೆಯುವುದು, ಎಳೆದ ಏಡಿಯನ್ನು ಮಾಸ್ತರರ ಮಡಚಿದ ಕೊಡೆಯೊಳಗೆ ಬಿಟ್ಟದ್ದು.

"ಬಂದರಕ್ಕೆ ಬಂದ ಆಗಬೋಟು ನೋಡೂಕೆ ಅಂತ ಕಾರವಾರದವರೆಗೆ ನಡ್ಕಂಡು ಬಂದಿದ್ದು ನೆನ್ಪದೆಯಾ?" ಎಂದ ಅವನು.

"ನಡ್ದದ್ದು ನಾವು," ಎಂದೆ. "ನೀ ಅರ್ಧ ದಾರೀಲಿ ಎತ್ತಿನ ಗಾಡಿ ಹತ್ತಿ ಕೈ ಬೀಸ್ದವ."

"ಕಾಲು ನೋವಾಗಿತ್ತು ಮಾರಾಯ್ತಿ."

"ಗಂಟ್ಲು ನೋವಾಗಿರ್ಲಿಲ್ಲ. ಗಾಡಿ ಮೇಲೆ ಕೂತ್ಕಂಡು ನಮ್ಮನ್ನ ಅಣಕಿಸ್ತಿದ್ದೆ."

ನಾನು ನಗುವಾಗ ತೊಡೆ ಅಲುಗಿ ಕೂಸು ಒಮ್ಮೆ ಕಣ್ಣು ತೆರೆದು ಮುಚ್ಚಿತು. ಇಷ್ಟು ಸುಖದಲ್ಲಿ ನಾನು ಎಂದೂ ಕೂತದ್ದಿಲ್ಲ. ಒಳಗೆ ನಾನು ತಂದ ಮೀನು ಬೇಯುವ ಪರಿಮಳ, ತೊಡೆಯ ಮೇಲೆ ಮೊಮ್ಮಗಳು, ಆಚೀಚೆ ಮಣೆಯ ಗೆಳೆಯರು.

"ಆದ್ರೆ ಪಾಲು ಕೂಗೂದ್ರಲ್ಲಿ ಇವ್ಳನ್ನ ಬಿಟ್ರೆ ಮತ್ತೊಬ್ರಿಲ್ಲ," ಎಂದು ಅವನು ಗೆಳತಿಯ ಕಡೆ ಕೈ ತೋರಿಸಿದ. "ಗುಡ್ಡದಾಚೆ ಕೇಳ್ತಿತ್ತು."

ಗೆಳತಿ ಚಹಾದ ಲೋಟ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮುಖದಲ್ಲಿ ನಾಲ್ಕನೇ ಇಯತ್ತೆಯ ಹುಡುಗಿಯ ತುಂಟತನ.

"ಅದ್ರ ಗುಟ್ಟು ಈಗ ಹೇಳ್ತೆ ಕೇಳಿ. ಈಗ ಎಂತ ಹೆದ್ರಿಕೆ. ಮಾವ ಎಲ್ಲಾ ರಾಶಿಗೂ ಸುಮ್ನೆ ಕೇಳ್ತಿದ್ದ. ಚಲೋ ಮೀನ ಅಡಿಗಿದ್ದ ರಾಶಿ ಬಂದ್ರೆ ಒಂದ್ಸಲ ಕೆಮ್ಮಿ ಕೇಳೂದು. ಕೆಮ್ಮಿದ್ರೆ ನಾ ನಮ್ಮನೆ ಹೆಸ್ರು ಕೂಗೂದು. ಅಷ್ಟೇ. ಮನೆಗೆ ಹೋದ್ಮೇಲೆ ನಂಗೆ ಶೇಂಗಾ ಚಿಕ್ಕಿ. ಒಂದ್ಸಲ ಮಾವಂಗೆ ನಿಜವಾಗ್ಲೂ ಕೆಮ್ಮು ಬಂದು, ಎಲ್ಲಾ ರಾಶೀನೂ ನಮ್ಮನೇದೇ ಅಂತ ಕೂಗ್ಬಿಟ್ಟಿದ್ದೆ."

ಅವಳು ನಗಲು ತೊಡಗಿದವಳು ನಿಲ್ಲಿಸಲೇ ಇಲ್ಲ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವನೂ ಒಮ್ಮೆ ನಕ್ಕ. ಆಮೇಲೆ ನನ್ನ ಮುಖ ನೋಡಿದ, ಲೋಟದೊಳಗೆ ನೋಡಿದ. ಅವನಿಗೆ ನೆನಪಾಗಿತ್ತು. ಅವಳಿಗೆ ಆಗಿರಲಿಲ್ಲ. ಅಪ್ಪನ ಬಾಳು ಹಾಳಾದ ಸಂಗತಿ ಅವಳ ರವಿವಾರದಲ್ಲಿ ಎಲ್ಲಿಯೂ ಇರಲಿಲ್ಲ, ಚಿಕ್ಕಿ ಮಾತ್ರ ಇತ್ತು.

"ಗ್ಯಾಸ್ ಸಿಲಿಂಡರಿನವ ಬರೂ ಹೊತ್ತಾಯ್ತು, ಬತ್ತೆ," ಎಂದು ಅವನು ಚಪ್ಪಲಿ ಹಾಕಿಕೊಂಡ. ರವಿವಾರ ಸಿಲಿಂಡರು ಯಾರು ತರುತ್ತಾರೆ.

ಅವನು ಓಣಿ ದಾಟುವವರೆಗೆ ನಾನು ಕಾದೆ. ಸಿಟ್ಟು ಮಾಡಬಾರದು, ತೊಡೆಯ ಮೇಲೆ ಕೂಸಿದೆ, ಸೊಸೆ ಒಳಗಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

"ನನ್ನಪ್ಪ ಅವತ್ತು ಹೇಳಿದ್ದು ಇದ್ನೇ ಅಲ್ದಾ?" ಎಂದೆ.

"ಯಾವತ್ತು?"

"ಹಗ್ಗದಿಂದ ತೆಗ್ದ ದಿನ."

ಅವಳ ನಗು ನಿಧಾನಕ್ಕೆ ಇಳಿಯಿತು. "ಹೋ, ಅದಾ," ಎಂದಳು. "ಮಕ್ಕಳಾಟ ಅದು. ನಂಗೆ ಆಗ ಎಂತ ತಿಳೀತಿತ್ತು."

"ನಿಂಗೆ ಆಟ. ನಿನ್ನ ಮಾವಂಗೆ?"

ಅವಳು ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು. ನಾನು ಧ್ವನಿ ತಗ್ಗಿಸಿದೆ.

"ನಾ ಹೆಚ್ಚು ಕೇಳೂದಿಲ್ಲ. ಕೂಸಿನ ಕರ್ಕಂಡು ನಮ್ಮನೆಗೆ ಬತ್ಯಲ, ಆವತ್ತು ಆಯಿ ಹತ್ರ ಹೋಗಿ ಇಷ್ಟು ಹೇಳು. ಈಗ ನಕ್ಕಂಡು ಹೇಳಿದ್ಯಲ, ಹಂಗೇ ನಕ್ಕಂಡು ಹೇಳಿದ್ರೂ ಸಾಕು. ಸಾಯೂದ್ರೊಳಗೆ ಅವ್ಳ ಕಿವಿಗೆ ಬೀಳ್ಲಿ, ಅಪ್ಪ ಸುಳ್ಳಲ್ಲ ಅಂತ."

"ನನ್ನಪ್ಪನ್ನ ಕಳ್ಳ ಅಂತ ನಾನೇ ಹೇಳ್ಲಾ? ಅಳಿಯನ ಮನೇಲಿ ನಿಂತ್ಕಂಡು?"

"ಅಳಿಯ ಹೊರಗಿರ್ತ. ಆಯಿ ಒಬ್ಳೇ."

"ನನ್ನಪ್ಪನೂ ಸತ್ತಿದ್ದಾನೆ," ಎಂದಳು. "ಬದ್ಕಿದ್ರೆ ಅವ್ನನ್ನೇ ಕೇಳು ಅಂತಿದ್ದೆ."

"ನಿನ್ನಪ್ಪ ಸಾಯೂವಾಗ ಅವ್ನಿಗೆ ಊರೆಲ್ಲ ಕೈ ಮುಗೀತು. ನನ್ನಪ್ಪನ ಹೆಣ ಹೊರೂಕೆ ಜನ ಕರೀಬೇಕಾಯ್ತು."

ಅವಳು ಎದ್ದು ಬಂದು ನನ್ನ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. ಜಗುಲಿಯಲ್ಲಿ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ.

"ದಿನ ನೋಡಿ ಫೋನ್ ಮಾಡ್ತೇವೆ ನಿಮಗೆ," ಎಂದಳು. "ಊಟ ಮಾಡ್ಕಂಡು ಹೋಗಿ."

ನಿಮಗೆ. ಹೋಗಿ. ನಾನು ಊಟ ಮಾಡಿದೆ. ನಾನೇ ತಂದ ಮೀನು, ಸೊಸೆ ಬಡಿಸಿದಳು. ಮಾತು ಬೇಡವಾಗಿತ್ತು, ಮಾತಾಡಿದೆ, ಕೂಸಿಗೆ ಕಾಡಿಗೆ ಮೂಗಿನ ಮೇಲೆ ಹಚ್ಚಬೇಡಿ ಎಂದೋ ಏನೋ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಫೋನು ಬರಲಿಲ್ಲ. ಮಗ ಕದ್ರಾದಿಂದ ಬಂದಾಗಲೆಲ್ಲ ಅವನ ಮೊಬೈಲನ್ನೇ ನೋಡುತ್ತಿದ್ದೆ. "ಎಂತ ಆಯ್ತಮ್ಮಾ, ಅತ್ತೆ ಸರಿಯಾಗಿ ಮಾತೇ ಆಡೂದಿಲ್ಲ," ಎಂದು ಅವನು ಕೇಳಿದ. ಏನೂ ಇಲ್ಲ, ಹೆಂಗಸರ ಮಾತು ಎಂದೆ. ಒಂದು ಮಾತು ನುಂಗಿಕೊಂಡಿದ್ದರೆ ಈ ಹೊತ್ತಿಗೆ ಕೂಸು ನನ್ನ ಮನೆಯಲ್ಲಿ ಇರುತ್ತಿತ್ತು ಎಂದು ಒಮ್ಮೆ ಅನ್ನಿಸುತ್ತಿತ್ತು. ಅಪ್ಪನೂ ಹಾಗೆ ನುಂಗಿಕೊಂಡಿದ್ದರೆ ನಾನು ಇನ್ನೂ ನಾಲ್ಕು ಅಕ್ಷರ ಕಲಿಯುತ್ತಿದ್ದೆ ಎಂದು ಇನ್ನೊಮ್ಮೆ. ತೊಟ್ಟಿಲನ್ನು ಒರೆಸಿ ಒರೆಸಿ ಬಣ್ಣ ಹೋಗುವುದೊಂದು ಬಾಕಿ. ಆಯಿಗೆ ನಾನು ಆ ದಿನದ ಮಾತು ತಿಳಿಸಿರಲಿಲ್ಲ. ಗೆಳತಿ ಮನಸ್ಸು ಬದಲಿಸಿ ಬಂದಾಳು, ಅವಳ ಬಾಯಿಂದಲೇ ಕೇಳಲಿ ಎಂಬ ಆಸೆ.

ಕೂಸು ಬಂತು. ಕಾರು ಅಂಗಳದಲ್ಲಿ ನಿಂತಿತು. ಸೊಸೆ ಇಳಿದಳು, ಅವಳ ಅಣ್ಣ ಇಳಿದ, ಅತ್ತಿಗೆ ಇಳಿದಳು. ಗೆಳತಿ ಇರಲಿಲ್ಲ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಿಕ್ಕಾಗುವುದಿಲ್ಲ ಎಂದ ಅಣ್ಣ. ನನ್ನ ಮನೆಗೆ ಮೆಟ್ಟಿಲೇ ಇಲ್ಲ.

ಆದರೂ ಸುಳ್ಳು ಬರೆಯಲಾರೆ, ಆ ಗಳಿಗೆಯಲ್ಲಿ ನನಗೆ ಯಾವ ನೋವೂ ನೆನಪಾಗಲಿಲ್ಲ. ಕೆಂಪು ನೀರು ನಿವಾಳಿಸಿದೆ, ಕೂಸನ್ನು ಎತ್ತಿಕೊಂಡು ಒಲೆ ತೋರಿಸಿದೆ, ಬಾವಿ ತೋರಿಸಿದೆ, ಬಲೆ ಒಣಹಾಕಿದ ಬೇಲಿ ತೋರಿಸಿದೆ. ಕೇರಿಯ ಹೆಂಗಸರು ಬಂದು ಅಜ್ಜಿಯ ಮೂಗು ಬಂದಿದೆ ಎಂದರು. ಇಲ್ಲ, ನನ್ನ ಮೊಂಡು ಮೂಗು ಇವಳಿಗೆ ಯಾಕೆ ಎಂದು ಜಂಬದಿಂದಲೇ ಜಗಳ ಮಾಡಿದೆ. ಬಂದವರೆಲ್ಲ ಉಂಡು ಹೋದರು. ಸೊಸೆ ಮಲಗಿದಳು. ಹಾಲು ಕುಡಿದು ತೃಪ್ತಿಯಾದ ಕೂಸನ್ನು ಎತ್ತಿಕೊಂಡು ನಾನು ಜಗುಲಿಗೆ, ಆಯಿಯ ಹತ್ತಿರ ಬಂದು ಕೂತೆ. ಇನ್ನು ಯಾರ ಬಾಯಿಗೆ ಕಾಯುವುದು ಎಂದು ನಾನೇ ಹೇಳಿದೆ. ಕೆಮ್ಮು, ಚಿಕ್ಕಿ, ನಕ್ಕದ್ದು, ಎಲ್ಲ. ಅಪ್ಪ ಹೇಳಿದ್ದು ನಿಜವಾಗಿತ್ತು ಆಯಿ ಎಂದೆ.

ಆಯಿ ವೀಳ್ಯದ ಎಲೆಯ ತೊಟ್ಟು ಮುರಿಯುತ್ತಿದ್ದಳು. ಮುರಿಯುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತಲೆ," ಎಂದಳು.

"ಎಂತ ಗೊತ್ತಿತ್ತು?"

"ಕೆಮ್ಮೂದು. ಹಗ್ಗದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಲೆ ಅವ್ರದು. ಒಂದು ಇಸವಣ ಹೆಚ್ಚು ತಿಂದ್ರೆ ತಿನ್ಲಿ ಅಂತ ಎಲ್ಲಾ ಸುಮ್ನಿದ್ರು. ಇವ ಒಬ್ಬ ಬಾಯಿ ಬಿಟ್ಟ."

"ಮತ್ತೆ ನೀ ಅವ್ನಿಗೆ ಸುಳ್ಳ ಅಂತ..."

"ಸುಳ್ಳ ಅಂತ ನಾ ಯಾವಾಗ ಅಂದೆ? ನಾಲ್ಗೆ ತಿಂದ್ತು ಅಂದೆ. ತಿನ್ಲಿಲ್ವಾ?"

"ಊರವ್ರು ಅನ್ನೂವಾಗ ನೀ ಒಂದ್ಮಾತು ಹೇಳ್ಬಹುದಿತ್ತು."

"ಹೇಳಿ? ನಾ ಬುಟ್ಟೀಲಿ ಮಾರಿದ ಮೀನ ಎಲ್ಲಿಂದು ಅಂದ್ಕಂಡೆ? ಅದೇ ಬಲೇದು. ಅವ್ರು ಕೊಡೂದಿಲ್ಲ ಅಂದಿದ್ರೆ ನಿಂಗೆ ನಿನ್ನ ತಮ್ಮಂಗೆ ಮಣ್ಣು ತಿನ್ನಿಸ್ಬೇಕಿತ್ತು."

ನನ್ನಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು.

"ಹೊರಗೆ ಬ್ಯಾಡ. ಮನೇಲಿ, ನೀವಿಬ್ರೇ ಇದ್ದಾಗ, ನೀ ಹೇಳಿದ್ದು ನಿಜ ಅಂತ ಅವ್ನಿಗೆ ಒಂದ್ಸಲ ಆದ್ರೂ ಹೇಳಿದ್ಯಾ?"

ಆಯಿ ಎಲೆ ಮಡಚಿ ಬಾಯಿಗಿಟ್ಟು, ಜಗಿದು, ಆಮೇಲೆ ಹೇಳಿದಳು.

"ಹೇಳಿದ್ರೆ ಮರುದಿನ ಮತ್ತೆ ದಡಕ್ಕೆ ಹೋಗಿ ಕೂಗ್ತಿದ್ದ."

ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು. ಕೂಸಿನ ಕಿವಿಗೆ ಸೆರಗು ಮುಚ್ಚಿದೆ. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದದ್ದು ಕಣ್ಣಿಗೆ ಬಂತು. ಬಡಿಸುತ್ತಿದ್ದವಳಿಗೆ ಗೊತ್ತಿತ್ತು. ಈಗ ಯಾರನ್ನು ಬೈಯುವುದು ಎಂದೇ ನನಗೆ ತಿಳಿಯಲಿಲ್ಲ. ಗೆಳತಿಯೊಬ್ಬಳಾದರೂ ಮಗುವಾಗಿದ್ದಳು.

ಆಯಿ ಎಲೆಯ ತಟ್ಟೆ ಸರಿಸಿ, ಸೀರೆಗೆ ಕೈ ಒರೆಸಿ ಎರಡೂ ಕೈ ಮುಂದೆ ಚಾಚಿದಳು. ಕಣ್ಣು ಕಾಣದ್ದರಿಂದ ಕೈ ನನ್ನಿಂದ ಸ್ವಲ್ಪ ಆಚೆಗೆ ಚಾಚಿತ್ತು.

"ಕೊಡು ಇತ್ತ," ಎಂದಳು. "ಬೆಳಿಗ್ಗಿಂದ ಒಂದ್ಸಲನೂ ನನ್ನ ಕೈಗೆ ಕೊಡ್ಲಿಲ್ಲ ನೀವ್ಯಾರೂ."

"ಹಾಲು ಕುಡ್ಯೂ ಹೊತ್ತಾಯ್ತು ಆಯಿ," ಎಂದು ಹೇಳಿ ನಾನು ಎದ್ದು, ಹೊಟ್ಟೆ ತುಂಬಿ ನಿದ್ದೆ ಹೋಗಿದ್ದ ಕೂಸನ್ನು ಎತ್ತಿಕೊಂಡು ಒಳಗೆ ಬಂದೆ.